ಬೆನ್ನ ಮೇಲಿನ ಹತ್ತು

ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಡೆ ನಡೆಯುವವರಿಗೆ, ಹಿಂದೆ ಬಿಟ್ಟುಬಂದ ಆ ಹಳಿಗೂ ಫುಟ್‌ಬಾಲಿಗೂ ನಂಟಿದೆ ಎಂದರೆ ನಗು ಬಂದೀತು. ಈ ಸೀಮೆಯಲ್ಲಿ ಹುಡುಗರ ಕೈಗೆ ಮೊದಲು ಬರುವುದು ಕ್ರಿಕೆಟ್ ಬ್ಯಾಟು. ಆದರೆ ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುವ ಈ ಮಾರ್ಗ 1874ರಲ್ಲಿ ನಿಜಾಮರ ಕಾಲಕ್ಕೆ ತೆರೆದದ್ದು. ಹೈದರಾಬಾದಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗುವವರಿಗೆ ವಾಡಿ ಜಂಕ್ಷನ್ನೇ ಹೆಬ್ಬಾಗಿಲು. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ ಗೆದ್ದುಕೊಂಡು ಬಂದ ತಂಡ ಹೈದರಾಬಾದ್ ಸಿಟಿ ಪೊಲೀಸ್. ಆಗ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲವೂ ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಲೆಕ್ಕಕ್ಕೆ ಹಿಡಿದರೆ ಅದು ನಮ್ಮ ರಾಜ್ಯದ್ದೇ ತಂಡ. ಭಾಷಾವಾರು ಪ್ರಾಂತ್ಯಗಳಾದ ಮೇಲೆ ನಾವು ಈ ಕಡೆ ಬಂದೆವು, ಆ ಕೀರ್ತಿಯನ್ನು ಅಲ್ಲೇ ಬಿಟ್ಟು ಬಂದೆವು.

ಆ ತಂಡವನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಮಾಸ್ತರರು. 2024ರಲ್ಲಿ ಬಂದ ‘ಮೈದಾನ್’ ಎಂಬ ಹಿಂದಿ ಸಿನಿಮಾದಿಂದಾಗಿ ಈಗ ಒಂದಷ್ಟು ಜನರಿಗೆ ಅವರ ಹೆಸರು ಗೊತ್ತು. ಆಟಗಾರನ ಬೆನ್ನ ಮೇಲಿನ ಸಂಖ್ಯೆಯ ಕಥೆ ಹೇಳಹೊರಟರೆ ರಹೀಂ ಸಾಹೇಬರು ಹಾದಿಯಲ್ಲಿ ಸಿಕ್ಕೇ ಸಿಗುತ್ತಾರೆ. ಕಥೆಯ ತುದಿಯಾದರೋ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಈ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಮೊದಲಿಗೆ ಅಂಗಿಯ ಮೇಲೆ ಏನೂ ಇರಲಿಲ್ಲ. ಆಟಗಾರನನ್ನು ಜನ ಗುರುತಿಸುತ್ತಿದ್ದದ್ದು ನಡಿಗೆಯಿಂದ, ತಲೆಗೂದಲಿನಿಂದ, ನಿಂತ ಜಾಗದಿಂದ. ಬಲಗಡೆ ಗೆರೆಯ ಪಕ್ಕ ಓಡುವವನು ರೈಟ್ ಔಟ್, ನಡುವೆ ಗೋಲಿಗೆ ಎದುರಾಗಿ ನಿಂತವನು ಸೆಂಟರ್ ಫಾರ್ವರ್ಡ್. ಜಾಗವೇ ಹೆಸರು. 1911ರಲ್ಲೇ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಂಖ್ಯೆ ತೊಟ್ಟು ಆಡಿದ್ದುಂಟು. ಇಂಗ್ಲೆಂಡಿನ ಲೀಗ್ ಆಟಕ್ಕೆ ಸಂಖ್ಯೆ ಬಂದದ್ದು 1928ರ ಆಗಸ್ಟ್ 25ರ ಶನಿವಾರ. ಅಂದು ಶೆಫೀಲ್ಡಿನಲ್ಲಿ ಆರ್ಸೆನಲ್ ತಂಡವೂ ಲಂಡನ್ನಿನಲ್ಲಿ ಸ್ವಾನ್ಸಿಯ ಎದುರು ಚೆಲ್ಸಿಯೂ ಸಂಖ್ಯೆಯ ಅಂಗಿಯಲ್ಲಿ ಇಳಿದವು. ಚೆಲ್ಸಿ 4-0ರಿಂದ ಗೆದ್ದಿತು, ಆರ್ಸೆನಲ್ 2-3ರಿಂದ ಸೋತಿತು. ಆರ್ಸೆನಲ್ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಹೊಸತೇನಾದರೂ ಹಚ್ಚಿ ನೋಡದೆ ಇರಲಾರದ ಮನುಷ್ಯ. ಲೀಗಿನ ಹಿರಿಯರಿಗೆ ಮಾತ್ರ ಇದು ಹಿಡಿಸಲಿಲ್ಲ. ಇಂಥ ಗುರುತು ಬೇಕಿಲ್ಲ ಎಂದು ತಳ್ಳಿಹಾಕಿದರು.

ಮತ್ತೆ ಐದು ವರ್ಷಕ್ಕೆ, 1933ರ ಏಪ್ರಿಲ್ 29ರಂದು, ಎಫ್‌ಎ ಕಪ್ ಫೈನಲಿನಲ್ಲಿ ಪ್ರಯೋಗ ದೊಡ್ಡದಾಗಿಯೇ ನಡೆಯಿತು. ಎವರ್ಟನ್‌ನ ಹನ್ನೊಂದು ಮಂದಿಗೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿಯವರಿಗೆ 12ರಿಂದ 22. ಸಿಟಿಯ ಗೋಲ್‌ಕೀಪರ್ 22 ತೊಟ್ಟು ಗೋಲಿನಲ್ಲಿ ನಿಂತ. ಎರಡು ತಂಡಕ್ಕೂ ಒಂದೇ ಎಣಿಕೆ. ಇದೇ ಪದ್ಧತಿ ಉಳಿದಿದ್ದರೆ ಇವತ್ತು ಯಾವ ಹುಡುಗನೂ ಹತ್ತಕ್ಕಾಗಿ ಹಂಬಲಿಸುತ್ತಿರಲಿಲ್ಲವೇನೋ. ಅಂದು ಎವರ್ಟನ್ 3-0ರಿಂದ ಗೆದ್ದಿತು. 9 ತೊಟ್ಟವರು ಡಿಕ್ಸಿ ಡೀನ್. ಒಂಬತ್ತೆಂದರೆ ಗೋಲು ಹೊಡೆಯುವವನು ಎಂಬ ನಂಬಿಕೆ ಅಲ್ಲಿಯೇ ಬೇರು ಬಿಟ್ಟಿತು ಎನ್ನುವವರಿದ್ದಾರೆ. ಕೊನೆಗೆ 1939ರಲ್ಲಿ ಇಂಗ್ಲಿಷ್ ಲೀಗ್ ಸಂಖ್ಯೆಯನ್ನು ಕಡ್ಡಾಯ ಮಾಡಿತು, ಎರಡೂ ತಂಡಕ್ಕೆ 1ರಿಂದ 11. ಅದೇ ವರ್ಷ ಯುದ್ಧವೂ ಹತ್ತಿಕೊಂಡಿತು.

ನಮ್ಮಲ್ಲಿ ಈ ಹೊತ್ತಿಗೆ ಏನಾಗಿತ್ತು? 1891ರಿಂದ ನಡೆದುಬಂದಿದ್ದ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಪಲ್ಟಣಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಮೊದಲ ಬಾರಿ ಭಾರತೀಯ ನಾಗರಿಕ ತಂಡವೊಂದು ಗೆದ್ದಿತು. ಅದು ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಇಷ್ಟು ದೊಡ್ಡ ಗೆಲುವು ಇಷ್ಟು ಕಡಿಮೆ ಮಾತಿಗೆ ಸಿಕ್ಕಿರುವುದು ನನಗಂತೂ ಅಚ್ಚರಿ.

ಈಗ ಎಣಿಕೆಯ ಲೆಕ್ಕಕ್ಕೆ ಬರೋಣ. ಆಗ ಎಲ್ಲರೂ ಆಡುತ್ತಿದ್ದದ್ದು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ವ್ಯೂಹ. ಗೋಲ್‌ಕೀಪರಿನಿಂದ ಶುರುಮಾಡಿ, ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಎಣಿಸುತ್ತ ಹೋದರು. ಗೋಲ್‌ಕೀಪರ್ 1. ಫುಲ್ ಬ್ಯಾಕುಗಳು 2 ಮತ್ತು 3. ಹಾಫ್ ಬ್ಯಾಕುಗಳು 4, 5, 6, ಇವರಲ್ಲಿ ನಡುವಿನ 5 ತಂಡದ ಬೆನ್ನೆಲುಬಾದ ಸೆಂಟರ್ ಹಾಫ್. ಮುಂದಿನ ಸಾಲಿನಲ್ಲಿ ರೈಟ್ ಔಟ್ 7, ರೈಟ್ ಇನ್ 8, ಸೆಂಟರ್ ಫಾರ್ವರ್ಡ್ 9, ಲೆಫ್ಟ್ ಇನ್ 10, ಲೆಫ್ಟ್ ಔಟ್ 11. ಹತ್ತಕ್ಕೆ ಆಗ ಯಾವ ಮಹಿಮೆಯೂ ಇರಲಿಲ್ಲ. ಸೆಂಟರ್ ಫಾರ್ವರ್ಡಿನ ಎಡಕ್ಕೆ ಒಂದು ಹೆಜ್ಜೆ ಹಿಂದೆ ಆಡುವವನ ವಿಳಾಸ ಅದು, ಅಷ್ಟೇ. ಸಂಖ್ಯೆಯಿದ್ದದ್ದು ಜಾಗಕ್ಕೆ. ಇಂದು ಆ ಜಾಗದಲ್ಲಿ ಯಾರು ಆಡುತ್ತಾರೋ ಅಂಗಿ ಅವರದು, ನಾಳೆ ಬೇರೆಯವರದು.

ಆ ಎಡ ಒಳಬದಿಯ ಜಾಗದಲ್ಲಿ ಬೆಂಗಳೂರು ದೇಶಕ್ಕೆ ಒಬ್ಬ ದೊಡ್ಡ ಕಲಾವಿದನನ್ನು ಕೊಟ್ಟಿತು. 1926ರಲ್ಲಿ ಹುಟ್ಟಿದ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಐವರ ಮುಂಚೂಣಿಯನ್ನು ಕಲ್ಕತ್ತೆಯ ಜನ ಪಂಚ ಪಾಂಡವರೆಂದು ಕರೆದರು. ಅಹ್ಮದ್ ಖಾನರ ಕಾಲಿಗೆ ಚೆಂಡು ಹಾವಿನಂತೆ ಒಲಿಯುತ್ತಿತ್ತೆಂದು ಅವರಿಗೆ ಹಾವಾಡಿಗ ಎಂಬ ಬಿರುದೂ ಬಂತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿಗೆ 1-2ರಿಂದ ಸೋತಾಗ ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅಹ್ಮದ್ ಖಾನರೂ ಆ ತಂಡದಲ್ಲಿದ್ದರು. ಅವರು ತೀರಿಕೊಂಡದ್ದು 2017ರಲ್ಲಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಅಪ್ಪಟ ಹತ್ತು. ಅವರ ಕಾಲದಲ್ಲಿ ಹಾಗೆಂದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ವಿಶ್ವಕಪ್ಪಿನಲ್ಲಿ ಸಂಖ್ಯೆ ಮೊದಲು ಕಂಡದ್ದು 1950ರಲ್ಲಿ, ಬ್ರೆಜಿಲ್‌ನಲ್ಲಿ. ಅದಕ್ಕೆ ಭಾರತಕ್ಕೂ ಅವಕಾಶ ಸಿಕ್ಕಿತ್ತು. ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಚೆನ್ನಾಗಿದೆ, ಅದಕ್ಕೇ ಅಷ್ಟು ಬಾಳಿತು. ಅಷ್ಟು ದೂರದ ಪಯಣ, ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂಬ ನಂಬಿಕೆ, ಇವೂ ಕಾರಣಗಳೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಅಂತೂ ಸಂಖ್ಯೆಯ ಅಂಗಿ ತೊಟ್ಟು ಆಡಿದ ಮೊದಲ ವಿಶ್ವಕಪ್ಪಿನಲ್ಲಿ ಭಾರತದ ಬೆನ್ನುಗಳಿರಲಿಲ್ಲ.

ಜಾಗಕ್ಕೆ ಕೊಟ್ಟ ಸಂಖ್ಯೆಗೆ ಒಂದು ತೊಡಕಿದೆ. ಜಾಗ ಕದಲಿದರೆ ಸಂಖ್ಯೆ ಏನು ಮಾಡಬೇಕು? 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾದಾಗ ಗೋಲುಗಳು ಸುರಿದವು. ಅದನ್ನು ತಡೆಯಲು ಚಾಪ್‌ಮನ್ ನಡುವಿನ ಸೆಂಟರ್ ಹಾಫನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕುಗಳ ನಡುವೆ ನಿಲ್ಲಿಸಿದರು. ಹೀಗೆ 5 ಕಾವಲುಗಾರನಾದ. ಕಲ್ಕತ್ತೆ, ಬೆಂಗಳೂರುಗಳಲ್ಲಿ ಇವನನ್ನೇ ಸ್ಟಾಪರ್ ಎಂದದ್ದು. ಅರ್ಜೆಂಟೀನಾದಲ್ಲಿ ಆ ಸೆಂಟರ್ ಹಾಫ್ ಹಿಂದೆ ಹೋಗಲೇ ಇಲ್ಲ, ನಡುಮೈದಾನದಲ್ಲೇ ಉಳಿದ. ಆದ್ದರಿಂದ ಅಲ್ಲಿ ಇವತ್ತಿಗೂ ಐದೆಂದರೆ ನಡುವಿನ ಯಜಮಾನ. ಬ್ರೆಜಿಲ್‌ನವರು ಎಡ ಬ್ಯಾಕಿಗೆ 6 ಕೊಟ್ಟರು, ಇಂಗ್ಲೆಂಡಿನವರು 3 ಉಳಿಸಿಕೊಂಡರು. ಹಳೆಯ ಪಂದ್ಯದ ತಂಡಪಟ್ಟಿ ಕೈಯಲ್ಲಿದ್ದರೆ, ಯಾವ ದೇಶ ತನ್ನ ಯಾವ ಆಟಗಾರನನ್ನು ಯಾವ ದಿಕ್ಕಿಗೆ ಸರಿಸಿತು ಎಂಬುದನ್ನು ಬರೀ ಅಂಕಿಯಿಂದಲೇ ಓದಬಹುದು.

ಈ ಅಂಕಿಗಳನ್ನು ನಂಬಿ ಕೆಟ್ಟವರೂ ಇದ್ದಾರೆ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡಿಗೆ ಆರು ಗೋಲು ಹೊಡೆಯಿತು, ಪಂದ್ಯ 6-3. ಹಂಗೇರಿಯ 9 ನಾಂಡೋರ್ ಹಿಡೆಗ್‌ಕುಟಿ. ಒಂಬತ್ತೆಂದರೆ ಗೋಲಿನ ಎದುರು ನಿಲ್ಲುವವನು ಎಂದು ಕಲಿತಿದ್ದ ಇಂಗ್ಲೆಂಡಿನ ಐದು, ಹ್ಯಾರಿ ಜಾನ್‌ಸ್ಟನ್, ಅವರನ್ನು ಕಾಯಲು ನಿಂತರು. ಹಿಡೆಗ್‌ಕುಟಿ ನಡುಮೈದಾನಕ್ಕೆ ಇಳಿದುಬಿಟ್ಟರು. ಅವರ ಬೆನ್ನು ಹತ್ತಿ ಹೋದರೆ ಗೋಲಿನ ಮುಂದೆ ಬಯಲು ಬೀಳುತ್ತದೆ, ಹೋಗದಿದ್ದರೆ ಅವರು ಆರಾಮಾಗಿ ಆಟ ಹೆಣೆಯುತ್ತಾರೆ. ಜಾನ್‌ಸ್ಟನ್ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತಾದರು. ಹಿಡೆಗ್‌ಕುಟಿ ಮೂರು ಗೋಲು ಹೊಡೆದರು. ಬೆನ್ನ ಮೇಲೆ ಬರೆದದ್ದು ಒಂದು, ಕಾಲು ಮಾಡಿದ್ದು ಇನ್ನೊಂದು.

ಈ ಪಾಠವನ್ನು ಏಷ್ಯಾದಲ್ಲಿ ಬೇಗ ಅರಗಿಸಿಕೊಂಡವರಲ್ಲಿ ಭಾರತ ತಂಡದ ಕೋಚ್ ಕೂಡ ಆಗಿದ್ದ ರಹೀಂ ಸಾಹೇಬರು ಮುಂದಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಕೈಯಲ್ಲಿ ಭಾರತ 1-10ರಿಂದ ಚಚ್ಚಿಸಿಕೊಂಡಿತ್ತು. ಆ ಸೋಲಿನ ಬಳಿಕ ಹಳೆಯ ವ್ಯೂಹಗಳನ್ನು ಮುರಿದು ಕಟ್ಟುವ ಕೆಲಸ ನಡೆಯಿತು. ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ಎಂಬ 4-2-4ನ್ನು ಭಾರತಕ್ಕೆ ತಂದ ಹಿರಿಮೆಯೂ ರಹೀಂ ಅವರಿಗೆ ಸಲ್ಲುತ್ತದೆ. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಸರಿಯಾಗಿ ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಂ ಅವರ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು, ಒಲಿಂಪಿಕ್ ಫುಟ್‌ಬಾಲಿನಲ್ಲಿ ಏಷ್ಯಾದವನೊಬ್ಬ ಹೊಡೆದ ಮೊದಲ ಹ್ಯಾಟ್ರಿಕ್ ಅದು. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಹೈದರಾಬಾದಿನ ಅಜೀಜುದ್ದೀನ್, ನೂರ್ ಮೊಹಮ್ಮದ್, ಸಿಕಂದರಾಬಾದಿನ ತುಳಸೀದಾಸ್ ಬಲರಾಂ ಆ ತಂಡದಲ್ಲಿದ್ದರು. ಒಂದು ತಿಂಗಳ ಹಿಂದಿನವರೆಗೂ ಸೇಡಂನವರಿಗೆ ಅವರು ರಾಜ್ಯಬಾಂಧವರು.

ಜಾಗಕ್ಕಿಂತ ಮನುಷ್ಯನನ್ನು ನೋಡಬೇಕು ಎಂಬುದನ್ನು ರಹೀಂ 1962ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ ಇನ್ನೂ ಧೈರ್ಯವಾಗಿ ತೋರಿಸಿದರು. ಸ್ಟಾಪರ್ ಜರ್ನೈಲ್ ಸಿಂಗ್ ಅವರಿಗೆ ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿತ್ತು. ಹೊಲಿಗೆ ಬಿದ್ದ ತಲೆಯಲ್ಲಿ ಕಾವಲು ಕಷ್ಟವೆಂದು ರಹೀಂ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಕಳಿಸಿದರು. ಸೆಪ್ಟೆಂಬರ್ 4ರ ಫೈನಲಿನಲ್ಲಿ ದಕ್ಷಿಣ ಕೊರಿಯದ ಎದುರು ಭಾರತ 2-1ರಿಂದ ಚಿನ್ನ ಗೆದ್ದಾಗ ಒಂದು ಗೋಲು ಪಿ.ಕೆ. ಬ್ಯಾನರ್ಜಿ ಅವರದು, ಇನ್ನೊಂದು ಜರ್ನೈಲರದು. ಕ್ಯಾನ್ಸರಿನಿಂದ ಬಳಲುತ್ತಿದ್ದ ರಹೀಂ ಮರುವರ್ಷ ಜೂನಿನಲ್ಲಿ ತೀರಿಕೊಂಡರು. ಆ ಚಿನ್ನದ ತಂಡದಲ್ಲಿ ಬೆಂಗಳೂರಿನ ಲೆಫ್ಟ್ ಔಟ್ ಅರುಮೈನಾಯಗಂ ಕೂಡ ಇದ್ದರು. ಈ ಹೆಸರು ನೆನಪಿರಲಿ.

ಜಾಗದ ಸಂಖ್ಯೆ ಮನುಷ್ಯನದಾದದ್ದು ಒಂದು ಕಚೇರಿ ಎಡವಟ್ಟಿನಿಂದ ಎಂದು ಹೇಳುತ್ತಾರೆ. 1954ರಿಂದ ವಿಶ್ವಕಪ್ಪಿಗೆ ಹೋಗುವ ಪ್ರತಿ ಆಟಗಾರನಿಗೂ ಇಡೀ ಟೂರ್ನಿಗೆ ಒಂದೇ ಸಂಖ್ಯೆ ಎಂಬ ನಿಯಮ ಬಂತು. 1958ರಲ್ಲಿ ಸ್ವೀಡನ್ನಿಗೆ ಹೊರಟ ಬ್ರೆಜಿಲ್, ಪಟ್ಟಿಯಲ್ಲಿ ಸಂಖ್ಯೆಯನ್ನೇ ಬರೆದಿರಲಿಲ್ಲವಂತೆ. ಬೇರೆ ಯಾರೋ ತುಂಬಿದರು. ಫಲವಾಗಿ ಗೋಲ್‌ಕೀಪರ್ ಗಿಲ್ಮಾರ್ ಬೆನ್ನಿಗೆ 3 ಬಂತು. ಬಲಗಡೆ ಆಡುವ ಗರಿಂಚಾಗೆ 11, ಎಡಗಡೆ ಆಡುವ ಜಗಾಲೊಗೆ 7, ಪೂರಾ ಅದಲುಬದಲು. ಮೊದಲ ಎರಡು ಪಂದ್ಯದಲ್ಲಿ ಆಡದೆ ಕೂತಿದ್ದ ಹದಿನೇಳರ ಹುಡುಗನೊಬ್ಬನಿಗೆ 10. ಫೈನಲಿನಲ್ಲಿ ಬ್ರೆಜಿಲ್ 5-2ರಿಂದ ಗೆದ್ದಾಗ ಆ ಹುಡುಗ ಎರಡು ಗೋಲು ಹೊಡೆದಿದ್ದ. ಅವನು ಪೆಲೆ. ಅಲ್ಲಿಂದ ಮುಂದೆ ಹತ್ತು ಒಂದು ಜಾಗದ ಗುರುತಾಗಿ ಉಳಿಯಲಿಲ್ಲ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಇವತ್ತು ಅಂಬೇಡ್ಕರ್, ಬುದ್ಧ, ಮದರ್ ತೆರೇಸಾರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಬೆಂಗಳೂರಿನ ಒಂದು ಕೇರಿಗೆ ಬ್ರೆಜಿಲಿನವನೊಬ್ಬ ಆ ಸಾಲಿನಲ್ಲಿ ನಿಲ್ಲುವಷ್ಟು ಹತ್ತಿರದವನಾದ.

ಪೆಲೆ ಕಾಲಿಟ್ಟದ್ದು ಮಾತ್ರ ಕಲ್ಕತ್ತೆಗೆ. 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸಿನಲ್ಲಿ ನ್ಯೂಯಾರ್ಕ್ ಕಾಸ್ಮೋಸ್ ಪರ ಮೋಹನ್ ಬಾಗಾನ್ ಎದುರು ಆಡಿದರು. ಪಂದ್ಯ 2-2ರಲ್ಲಿ ಮುಗಿಯಿತು. ಬಾಗಾನ್ ಪರ ಗೋಲು ಹೊಡೆದ ಇಬ್ಬರಲ್ಲಿ ಒಬ್ಬರು ಹೈದರಾಬಾದಿನ ಮೊಹಮ್ಮದ್ ಹಬೀಬ್. ನಮ್ಮ ಹಳೆಯ ರಾಜಧಾನಿಯ ಹುಡುಗರು ಹೀಗೆ ಎಲ್ಲೆಲ್ಲೂ ಸಿಗುತ್ತಾರೆ.

ಸಂಖ್ಯೆಯ ಹುಚ್ಚಾಟಗಳ ಕಥೆಗಳು ಬಹಳ ಇವೆ, ಕೆಲವು ಸಾಕು. 1970ರಲ್ಲಿ ಆಯಾಕ್ಸ್ ತಂಡದ ಗೆರಿ ಮ್ಯೂರೆನ್‌ಗೆ ಅಂಗಿ ಸಿಗದಾದಾಗ ಯೊಹಾನ್ ಕ್ರೈಫ್ ತನ್ನ 9ನ್ನು ಬಿಚ್ಚಿಕೊಟ್ಟು, ಬುಟ್ಟಿಯಿಂದ ಕೈಗೆ ಸಿಕ್ಕ 14ನ್ನು ತೊಟ್ಟರಂತೆ. ತಂಡ ಗೆದ್ದಿತು, 14 ಅವರಿಗೇ ಅಂಟಿಕೊಂಡಿತು. 1974ರ ವಿಶ್ವಕಪ್ಪಿನಲ್ಲಿ ಹಾಲೆಂಡ್ ಅಕ್ಷರಮಾಲೆಯ ಕ್ರಮದಲ್ಲಿ ಸಂಖ್ಯೆ ಹಂಚಿದಾಗ ಫಾರ್ವರ್ಡ್ ರೂಡ್ ಗೀಲ್ಸ್‌ಗೆ 1 ಬಂತು, ಗೋಲ್‌ಕೀಪರ್ ಯೋಂಗ್‌ಬ್ಲೂಡ್‌ಗೆ 8. ಕ್ರೈಫ್ ಒಬ್ಬರಿಗೇ ವಿನಾಯಿತಿ, 14. ಅರ್ಜೆಂಟೀನಾದವರೂ ಅಕ್ಷರಮಾಲೆ ಹಿಡಿದವರೇ. 1982ರಲ್ಲಿ ಆರ್ಡಿಲೆಸ್‌ಗೆ 1 ಕೊಟ್ಟರು. ಮರಡೋನಾ ಸರದಿ ಬಂದಾಗ ಅಕ್ಷರಮಾಲೆ ಬದಿಗೆ ಸರಿದು ನಿಂತಿತು, ಹತ್ತು ಅವರ ಬೆನ್ನಿಗೇ ಬಂತು. ನಿಯಮ ಯಾರಿಗೆ ಬಾಗುತ್ತದೆ ಎಂಬುದನ್ನು ನೋಡಿದರೆ ದೊಡ್ಡವರು ಯಾರು ಎಂದು ಬೇರೆ ಕೇಳಬೇಕಿಲ್ಲ.

1993ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ವರ್ಷಪೂರ್ತಿ ಒಬ್ಬರಿಗೊಂದೇ ಸಂಖ್ಯೆ, ಅದರ ಮೇಲೆ ಹೆಸರು ಎಂಬ ಪದ್ಧತಿ ತಂದಿತು. ಅಂಗಿ ವ್ಯಾಪಾರದ ಸರಕಾಯಿತು. ಅದರ ಲೆಕ್ಕಾಚಾರ ಇಲ್ಲಿ ಬೇಡ. ಟೀವಿಯಲ್ಲಿ ಆಟ ನೋಡುತ್ತ ಬೆಳೆದ ನಮ್ಮ ಹುಡುಗರಿಗೆ ಸಂಖ್ಯೆಯೆಂದರೆ ವ್ಯಕ್ತಿಯೇ ಆದದ್ದು ಆಮೇಲೆ. ಹಾಗೆ ಆಗಿದ್ದ ಕಾಲದಲ್ಲಿಯೇ, 2004ರ ಡಿಸೆಂಬರ್ 5ರ ಭಾನುವಾರ, ಬೆಂಗಳೂರಿನಲ್ಲಿ ಆ ಪಂದ್ಯ ನಡೆಯಿತು.

ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಒಂದು ಕಡೆ ಕಲ್ಕತ್ತೆಯ ಮೋಹನ್ ಬಾಗಾನ್, ಇನ್ನೊಂದು ಕಡೆ ಗೋವಾದ ಡೆಂಪೊ. ಡೆಂಪೊ ತಂಡದ 10 ಕ್ರಿಸ್ಟಿಯಾನೊ ಜೂನಿಯರ್, ಇಪ್ಪತ್ತೈದರ ಬ್ರೆಜಿಲ್ ಹುಡುಗ. ಹಿಂದಿನ ಋತುವಿನಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ಅದರ ಗೋಲುಗಾರ ಅವನೇ. ಕೋಚ್ ಅರ್ಮಾಂಡೊ ಕೊಲಾಸೊ ಅವರ ಡೆಂಪೊ ಅವನನ್ನು ಆ ವರ್ಷ ಗೋವಾಕ್ಕೆ ಕರೆತಂದಿತ್ತು. ಬೆಂಗಳೂರಿಗೆ ಅವನೂ ಅತಿಥಿ, ಎದುರಾಳಿಗಳೂ ಅತಿಥಿಗಳು. ಮೊದಲ ಗೋಲು ಅವನೇ ಹೊಡೆದ. 78ನೇ ನಿಮಿಷದಲ್ಲಿ ಮತ್ತೊಂದು ಚೆಂಡು ಅವನ ಹಾದಿಗೆ ಬಂತು. ಬಾಗಾನ್ ಗೋಲ್‌ಕೀಪರ್ ಸುಬ್ರತಾ ಪಾಲ್ ಮುನ್ನುಗ್ಗಿದ. ಇಬ್ಬರೂ ಡಿಕ್ಕಿಯಾದರು. ಚೆಂಡು ಗೋಲಿಗೆ ಹೋಯಿತು, ಜೂನಿಯರ್ ಬಿದ್ದ.

ತಾನು ಹೊಡೆದ ಎರಡನೆಯ ಗೋಲನ್ನು ಅವನು ನೋಡಿದನೋ ಇಲ್ಲವೋ. ಸಂಗಾತಿಗಳು ಓಡಿ ಬಂದರು. ಮೈದಾನದಲ್ಲೇ ಎದೆ ಒತ್ತಿ ಉಸಿರು ತರಿಸಲು ನೋಡಿದರು. ಆಸ್ಪತ್ರೆಗೆ ಒಯ್ದರು, ಬದುಕಲಿಲ್ಲ. ಹೃದಯ ನಿಂತಿತ್ತು. ಪಂದ್ಯ 2-0, ಕಪ್ ಡೆಂಪೊಗೆ, ಎರಡೂ ಗೋಲು ಸತ್ತವನ ಹೆಸರಿನಲ್ಲಿ. ಕರ್ನಾಟಕದ ನೆಲದಲ್ಲಿ ಆಡಿದ ಫುಟ್‌ಬಾಲ್ ಪಂದ್ಯಗಳಲ್ಲಿ ಇದಕ್ಕಿಂತ ದುಃಖದ ಸ್ಕೋರ್ ನನಗೆ ಗೊತ್ತಿಲ್ಲ.

ಆಮೇಲೆ ಕೋಪ ಬಂತು, ಪ್ರಶ್ನೆಗಳು ಎದ್ದವು. ದೊಡ್ಡ ಪಂದ್ಯದ ಮೈದಾನದಲ್ಲಿ ವೈದ್ಯಕೀಯ ತಯಾರಿ ಹೇಗಿರಬೇಕು ಎಂಬ ಚರ್ಚೆ ದೇಶದಾದ್ಯಂತ ನಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಸುಬ್ರತಾ ಪಾಲ್ ಅವರನ್ನು ಎರಡು ತಿಂಗಳು ಆಟದಿಂದ ಹೊರಗಿಟ್ಟಿತು. ಪಾಲ್ ಆಗಿನ್ನೂ ಹದಿಹರೆಯದವನು. ಅಷ್ಟು ಚಿಕ್ಕ ವಯಸ್ಸಿಗೆ ಅಂಥ ಹೊರೆ ಬಿದ್ದ ಹುಡುಗ ಮತ್ತೆ ಗೋಲಿನಲ್ಲಿ ನಿಂತದ್ದೇ ದೊಡ್ಡದು. ಅವನು ಬರೀ ನಿಲ್ಲಲಿಲ್ಲ. 2011ರಲ್ಲಿ ದೋಹಾದ ಏಷ್ಯಾ ಕಪ್ಪಿನಲ್ಲಿ ಭಾರತದ ಗೋಲು ಕಾದು, ಕೊರಿಯದವರ ಬಾಯಲ್ಲಿ ಸ್ಪೈಡರ್‌ಮ್ಯಾನ್ ಎನಿಸಿಕೊಂಡ. ಈ ಘಟನೆಯನ್ನು ಹೇಳುವಾಗ ಅವನನ್ನು ಖಳನಾಗಿಸಿ ಹೇಳುವ ರೂಢಿ ಕೆಲವರಲ್ಲಿದೆ. ಗೋಲು ಬಿಟ್ಟು ಮುಂದೆ ನುಗ್ಗಿ ಚೆಂಡಿಗೆ ಬೀಳುವುದು ಗೋಲ್‌ಕೀಪರನ ಕೆಲಸ, ಅದನ್ನು ಎಲ್ಲರಿಗಿಂತ ಮುಂಚೆ ತಲುಪುವುದು ಸ್ಟ್ರೈಕರನ ಕೆಲಸ. 1 ಮತ್ತು 10 ಒಂದೇ ಚೆಂಡಿಗೆ ಹೋಗಬೇಕಾದದ್ದು ಆಟದ ಕಟ್ಟಿನಲ್ಲೇ ಇದೆ.

ಡೆಂಪೊ ಕ್ಲಬ್ ಒಂದು ತೀರ್ಮಾನಕ್ಕೆ ಬಂತು. ಜೂನಿಯರ್ ತೊಟ್ಟಿದ್ದ 10ನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದಿತು. ಅದೇ ಋತುವಿನ ಕೊನೆಗೆ, 2005ರಲ್ಲಿ, ಡೆಂಪೊ ತನ್ನ ಚರಿತ್ರೆಯಲ್ಲಿ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತು. ಮುಂದೆ 2012ರವರೆಗೆ ಇನ್ನೂ ನಾಲ್ಕು ಸಲ ದೇಶದ ಚಾಂಪಿಯನ್ ಆಯಿತು.

ಸಂಖ್ಯೆಯನ್ನು ಹೀಗೆ ನಿಲ್ಲಿಸುವುದು ಫುಟ್‌ಬಾಲಿಗೆ ಹೊರಗಿನಿಂದ ಬಂದ ರೂಢಿ, ಅಮೆರಿಕದ ಬೇಸ್‌ಬಾಲ್, ಬಾಸ್ಕೆಟ್‌ಬಾಲಿನಲ್ಲಿ ಹಳೆಯದು. ಇಟಲಿಯ ನಾಪೋಲಿ ಕ್ಲಬ್ 2000ದಲ್ಲಿ ಮರಡೋನಾರ 10ನ್ನು ನಿಲ್ಲಿಸಿತು, ಆಯಾಕ್ಸ್ 2007ರಲ್ಲಿ ಕ್ರೈಫ್ ಅವರ 14ನ್ನು. ಅರ್ಜೆಂಟೀನಾ ಕೂಡ ಮರಡೋನಾ ಗೌರವಕ್ಕೆ ರಾಷ್ಟ್ರತಂಡದಲ್ಲಿ 10 ಬೇಡವೆಂದು 2002ರ ವಿಶ್ವಕಪ್ಪಿಗೆ ಮುನ್ನ ಕೇಳಿತು. ಫಿಫಾ ಒಪ್ಪಲಿಲ್ಲ. 1ರಿಂದ 23ರವರೆಗೆ ಎಲ್ಲ ಸಂಖ್ಯೆಯೂ ಭರ್ತಿಯಾಗಬೇಕು, ಖಾಲಿ ಬಿಡುವಂತಿಲ್ಲ ಎಂದಿತು. ಏರಿಯಲ್ ಒರ್ಟೇಗಾ 10 ತೊಟ್ಟರು. ನನ್ನ ಮಟ್ಟಿಗೆ ಫಿಫಾದ ಹಟದಿಂದ ಒಳ್ಳೆಯದೇ ಆಯಿತು. ಒಪ್ಪಿದ್ದರೆ 2022ರಲ್ಲಿ ಕತಾರಿನಲ್ಲಿ ಕಪ್ ಎತ್ತಿದ ಮೆಸ್ಸಿಯ ಬೆನ್ನ ಮೇಲೆ ಬೇರೆ ಏನೋ ಇರುತ್ತಿತ್ತು.

ದೊಡ್ಡವನೊಬ್ಬ ನಿವೃತ್ತನಾದನೆಂದು ಸಂಖ್ಯೆ ನಿಲ್ಲಿಸುವುದೂ ಜೂನಿಯರನಿಗಾಗಿ ನಿಲ್ಲಿಸಿದ್ದೂ ನನಗೆ ಒಂದೇ ಎನಿಸುವುದಿಲ್ಲ. ನಮ್ಮ ರೈಲ್ವೆ ಸ್ಟೇಷನ್ನುಗಳ ಹಮಾಲರನ್ನು ನೋಡಿ. ಕೆಂಪಂಗಿಯ ತೋಳಿಗೆ ಕಟ್ಟಿದ ಹಿತ್ತಾಳೆ ಬಿಲ್ಲೆಯಲ್ಲಿ ಒಂದು ನಂಬರ್ ಇರುತ್ತದೆ. ಅಪ್ಪನಿಗೆ ಹೊರಲಾಗದ ದಿನ ಬಂದರೆ ಅದು ಮಗನ ತೋಳಿಗೆ ಬರುತ್ತದೆ. ನಂಬರು ಮನೆಯಲ್ಲಿ ಉಳಿದರೆ ಗಂಜಿ ಉಳಿಯುತ್ತದೆ. ಆಡಿ ಮುಗಿಸಿದವನ ಅಂಗಿ ಹಾಗೆ ಮುಂದಿನವನಿಗೆ ಹೋಗಬೇಕು. ಜೂನಿಯರ್ ಆಡಿ ಮುಗಿಸಲಿಲ್ಲ. ಅವನ ಕೈಯಿಂದ ಯಾರಿಗೆ ಕೊಡಬೇಕು ಎಂದು ಕೇಳಲು ಅವನಿರಲಿಲ್ಲ. ಡೆಂಪೊ ಮಾಡಿದ್ದು ಸರಿ.

ಈ ಮಾತು ಈಗ ಬೆಂಗಳೂರಿಗೆ ಬೇಕಾಗಿದೆ. ಅದೇ ಕಂಠೀರವವನ್ನು ಮನೆ ಮಾಡಿಕೊಂಡಿರುವ ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ ಕ್ಲಬ್. ಹುಟ್ಟಿದಂದಿನಿಂದ ಅದರ ಮುಖ ಸುನಿಲ್ ಚೆಟ್ರಿ, ಬೆನ್ನ ಮೇಲೆ 11. ಚೆಟ್ರಿ ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ, ಅಂದರೆ ವಾಡಿಯಿಂದ ಹೊರಡುವ ನಮ್ಮ ಹಳಿಯ ಆ ತುದಿಯಲ್ಲಿ. 2002ರಿಂದ 2005ರವರೆಗೆ ಅವರು ಮೋಹನ್ ಬಾಗಾನ್ ಆಟಗಾರ, ಮುಂದೆ ಒಂದು ಋತು ಡೆಂಪೊ ಪರವೂ ಆಡಿದರು. ಬೆಂಗಳೂರಿಗೆ ಬಂದ ಮೇಲೆ 2014ರಲ್ಲೂ 2016ರಲ್ಲೂ ಐ-ಲೀಗ್, 2019ರಲ್ಲಿ ಐಎಸ್‌ಎಲ್ ಗೆದ್ದ ತಂಡದ ನಾಯಕರಾದರು. 2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಕುವೈತ್ ಎದುರು ಆಡಿ, ರಾಷ್ಟ್ರತಂಡಕ್ಕೆ 151 ಪಂದ್ಯ, 94 ಗೋಲು ಎಂಬ ಲೆಕ್ಕದೊಂದಿಗೆ ನಿವೃತ್ತರಾದರು. 2025ರ ಮಾರ್ಚಿನಲ್ಲಿ ಮರಳಿ ಬಂದು ಮಾಲ್ಡೀವ್ಸ್ ಎದುರು ಇನ್ನೊಂದು ಗೋಲನ್ನೂ ಹೊಡೆದರು. ಹೋದ 11 ಹಿಂದಿರುಗಿದ್ದು ಕಂಡು ಕುಣಿದವರೂ ಇದ್ದರು, ಅವರ ಜಾಗಕ್ಕೆ ಇನ್ನೂ ಯಾರೂ ಸಿಗಲಿಲ್ಲವೇ ಎಂದು ನೊಂದವರೂ ಇದ್ದರು. ಎರಡನೆಯವರ ಮಾತಿನಲ್ಲಿ ಹುರುಳಿದೆ.

ಚೆಟ್ರಿ ಪೂರ್ತಿ ಬೂಟು ಬಿಚ್ಚುವ ದಿನ ಬಂದಾಗ ಬೆಂಗಳೂರಿನ ಅಭಿಮಾನಿಗಳು 11ನ್ನು ನಿಲ್ಲಿಸಿ ಎಂದು ಖಂಡಿತ ಕೇಳುತ್ತಾರೆ, ಪ್ರೀತಿಯಿಂದಲೇ ಕೇಳುತ್ತಾರೆ. ಕ್ಲಬ್ಬು ಒಪ್ಪಬಾರದು ಎಂದು ನನಗನಿಸುತ್ತದೆ. ಬೆಂಗಳೂರಿನ ಎಡಗೆರೆಯಲ್ಲಿ ಚೆಟ್ರಿಗಿಂತ ಅರ್ಧ ಶತಮಾನ ಮುಂಚೆ ಅರುಮೈನಾಯಗಂ ಓಡಿದ್ದರು, ಏಷ್ಯಾದ ಚಿನ್ನದ ತಂಡದವರೆಗೂ ಓಡಿದ್ದರು. ಲೆಫ್ಟ್ ಔಟಿನ ಆ ಜಾಗ ಈ ಊರಿಗೆ ಹಳೆಯ ಆಸ್ತಿ. 11ನ್ನು ಗೌತಮಪುರದ ಯಾವನಾದರೂ ಹುಡುಗನಿಗೆ ಕೊಡಲಿ. ಸೇಡಂ ಕಡೆಯವನೊಬ್ಬ ರೈಲು ಹತ್ತಿ ಬಂದು ಗಿಟ್ಟಿಸಿಕೊಂಡರೆ ಇನ್ನೂ ಚೆಂದ.